ಬಿಸಿಗಾಳಿ ನಿಂತರೆ ಮೊದಲು ಏನು ನೋಡಬೇಕು?

ಮಕ್ಕಳೇ, ನಿಮ್ಮ ಅಜ್ಜ-ಅಜ್ಜಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಚಳಿಗಾಲ ಕಳೆದು ಬಂದಿರಬಹುದು. ಷಿಕಾಗೊ, ಮಿನ್ನಿಯಾಪೊಲಿಸ್‌ನಂಥ ಊರುಗಳಲ್ಲಿ ಜನವರಿಯ ಚಳಿ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಅಲ್ಲಿನ ಬಹಳ ಮನೆಗಳ ನೆಲಮಾಳಿಗೆಯಲ್ಲಿ ಬೀರುವಿನಂಥ ಒಂದು ಪೆಟ್ಟಿಗೆ ಇರುತ್ತದೆ. ಅದೇ ಗ್ಯಾಸ್ ಫರ್ನೇಸ್. ಒಳಗೆ ಗ್ಯಾಸ್ ಉರಿದು ಗಾಳಿ ಬಿಸಿಯಾಗುತ್ತದೆ. ದೊಡ್ಡ ಫ್ಯಾನ್ ಅದನ್ನು ಕೋಣೆಕೋಣೆಗೂ ನೂಕುತ್ತದೆ. ಅದು ನಿಂತರೆ ಮನೆಯವರು ನಡುಗುವುದಷ್ಟೇ ಅಲ್ಲ, ನಲ್ಲಿಯ ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿ ಕೊಳವೆಯೇ ಒಡೆಯಬಹುದು. ಮಗಳು-ಅಳಿಯ ಆಫೀಸಿನಲ್ಲಿದ್ದಾಗ ಹೀಗಾದರೆ ಅಜ್ಜಿ ಏನು ಮಾಡಬೇಕು?

ಮೊದಲು ಅದು ಕೆಲಸ ಮಾಡುವ ಬಗೆ ತಿಳಿಯೋಣ. ಗೋಡೆಯ ಮೇಲಿನ ಪುಟ್ಟ ಥರ್ಮೋಸ್ಟಾಟ್ ಕೋಣೆಯ ಉಷ್ಣತೆ ನೋಡುತ್ತಿರುತ್ತದೆ. ಇಸ್ತ್ರಿಪೆಟ್ಟಿಗೆ ಕಾದಾಗ ‘ಟಕ್’ ಎಂದು ತಾನೇ ಆರಿಸುತ್ತದಲ್ಲ, ಅದೂ ಇದರ ಬಳಗವೇ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪಾಠ ಹೇಳುತ್ತಿದ್ದ ವಾರೆನ್ ಜಾನ್ಸನ್, ತರಗತಿ ತಣ್ಣಗಾದರೆ ಕೆಳಗೆ ಒಲೆ ನೋಡಿಕೊಳ್ಳುವವನಿಗೆ ವಿದ್ಯುತ್ತಿನಿಂದ ತಿಳಿಸುವ ಉಪಾಯ ಹುಡುಕಿ, 1883ರಲ್ಲಿ ವಿದ್ಯುತ್ ಥರ್ಮೋಸ್ಟಾಟ್‌ಗೆ ಪೇಟೆಂಟ್ ಪಡೆದರು.

ನಾನು ಬ್ಯಾಂಕಿನಲ್ಲಿದ್ದಾಗ ಚೆಕ್ ತಂದವರಿಗೆ ಹಿತ್ತಾಳೆ ಟೋಕನ್ ಕೊಡುತ್ತಿದ್ದೆವು. ಲೆಡ್ಜರ್ ಗುಮಾಸ್ತ ಖಾತೆ ನೋಡಬೇಕು, ಅಧಿಕಾರಿ ಸಹಿ ಹೋಲಿಸಿ ಪಾಸ್ ಮಾಡಬೇಕು, ಆಮೇಲೆ ಕ್ಯಾಷಿಯರ್ ಹಣ ಎಣಿಸಬೇಕು. ಒಂದು ಕಡೆ ತಡೆದರೂ ಹಣ ಇಲ್ಲ. ಫರ್ನೇಸ್ ಕೂಡ ಹಾಗೆಯೇ. ಥರ್ಮೋಸ್ಟಾಟ್ 24 ವೋಲ್ಟ್‌ನ ಸಣ್ಣ ತಂತಿಯಲ್ಲಿ ‘ಬಿಸಿ ಬೇಕು’ ಎನ್ನುತ್ತದೆ. ಹೊಗೆ ಹೊರಹಾಕುವ ಸಣ್ಣ ಫ್ಯಾನ್ ತಿರುಗುತ್ತದೆ. ದಾರಿ ಸರಿಯಿದೆಯೆಂದು ಒತ್ತಡದ ಸ್ವಿಚ್ ಒಪ್ಪಿದ ಮೇಲೆ ಹೊತ್ತಿಸುವ ಕಡ್ಡಿ ಕೆಂಪಗೆ ಕಾಯುತ್ತದೆ, ಆಮೇಲೆ ಗ್ಯಾಸ್ ತೆರೆಯುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಉರಿ ಕಾಣದಿದ್ದರೆ ಗ್ಯಾಸ್ ಮತ್ತೆ ಮುಚ್ಚುತ್ತದೆ. ಆದ್ದರಿಂದ ಫರ್ನೇಸ್ ನಿಂತಿತೆಂದರೆ ಕೆಟ್ಟಿತೆಂದೇ ಅಲ್ಲ. ಯಾವುದೋ ಕಾವಲುಗಾರ ‘ಬೇಡ’ ಎಂದಿರಬಹುದು.

ಅಜ್ಜ-ಅಜ್ಜಿಯರು ಹೀಗೆ ಒಂದೊಂದಾಗಿ ನೋಡಬಹುದು.

1. ಥರ್ಮೋಸ್ಟಾಟ್ ‘ಹೀಟ್’ನಲ್ಲಿದೆಯೇ? ಕೋಣೆಯಲ್ಲಿರುವುದಕ್ಕಿಂತ ಹೆಚ್ಚಿನ ಅಂಕಿ ಇಟ್ಟಿದೆಯೇ? ಅಲ್ಲಿನ 68 ಡಿಗ್ರಿ ಫ್ಯಾರನ್‌ಹೀಟ್ ಎಂದರೆ ನಮ್ಮ 20 ಡಿಗ್ರಿ ಸೆಲ್ಸಿಯಸ್. ಪರದೆ ಖಾಲಿಯಿದ್ದು, ಅದು ಬ್ಯಾಟರಿಯದಾದರೆ ಹೊಸ ಬ್ಯಾಟರಿ ಹಾಕಿ.

2. ಫ್ಯಾನ್ ‘ಆನ್’ನಲ್ಲಿದ್ದರೆ ಉರಿ ಇಲ್ಲದಾಗಲೂ ಗಾಳಿ ಬೀಸಿ ತಣ್ಣಗೆನಿಸುತ್ತದೆ. ‘ಆಟೊ’ದಲ್ಲಿಡಿ.

3. ಫರ್ನೇಸ್ ಪಕ್ಕದಲ್ಲಿ ದೀಪದ ಸ್ವಿಚ್ಚಿನಂಥದೇ ಒಂದು ಸ್ವಿಚ್ ಇರುತ್ತದೆ. ದೀಪದ್ದೆಂದು ಯಾರಾದರೂ ಆರಿಸಿರಬಹುದು.

4. ಬ್ರೇಕರ್ ಟ್ರಿಪ್ ಆಗಿದ್ದರೆ ಪೂರ್ತಿ ಆಫ್ ಮಾಡಿ, ಒಮ್ಮೆ ಆನ್ ಮಾಡಿ. ಮತ್ತೆ ಬಿದ್ದರೆ ಮುಟ್ಟಬೇಡಿ, ತಂತಿಯಲ್ಲೋ ಮೋಟಾರಿನಲ್ಲೋ ದೋಷವಿದೆ.

5. ಮುಂಬಾಗಿಲು ಸರಿಯಾಗಿ ಕೂತಿದೆಯೇ? ಅದರ ಹಿಂದೆ ಸ್ವಿಚ್ ಇರುತ್ತದೆ, ಬಾಗಿಲು ಸಡಿಲವಾದರೆ ಕರೆಂಟ್ ಹೋಗದು.

6. ಫಿಲ್ಟರ್ ಧೂಳು ತುಂಬಿದರೆ ಒಳಗೆ ಕಾವು ಹೆಚ್ಚಿ ಉರಿ ತಾನೇ ಆರುತ್ತದೆ. ಸ್ವಿಚ್ ಆರಿಸಿ ಹೊಸದು ಹಾಕಿ.

7. ಹೊರಗೋಡೆಯ ಕೊಳವೆಗಳನ್ನು ಹಿಮ ಮುಚ್ಚಿದ್ದರೆ ಕೈಯಿಂದ ಮೆಲ್ಲಗೆ ಸರಿಸಿ.

ಇಷ್ಟಾದರೂ ಹೊತ್ತದಿದ್ದರೆ ಬಾಗಿಲಿನ ಸಣ್ಣ ಕಿಂಡಿಯಲ್ಲಿ ದೀಪ ಎಷ್ಟು ಸಲ ಮಿಟುಕುತ್ತದೆಂದು ಮೊಮ್ಮಕ್ಕಳು ಎಣಿಸಿ ಬರೆದಿಡಲಿ. ಮೂರು ಸಲ ಮಿಟುಕಿದರೆ ಒಂದು ದೋಷ, ನಾಲ್ಕಾದರೆ ಇನ್ನೊಂದು. ಮೆಕ್ಯಾನಿಕ್‌ಗೆ ಫೋನಿನಲ್ಲೇ ಹೇಳಿದರೆ ಅರ್ಧ ಕೆಲಸ ಮುಗಿದಂತೆ. ಪೆಟ್ಟಿಗೆಯೊಳಗೆ ಕೈ ಹಾಕುವುದು ಮಾತ್ರ ಬೇಡ. ಅಲ್ಲಿ 120 ವೋಲ್ಟ್ ಕರೆಂಟ್ ಇದೆ. ಯಾವುದೇ ಕಾವಲು ಸ್ವಿಚ್ಚನ್ನು ತಂತಿ ಸೇರಿಸಿ ತಪ್ಪಿಸುವುದಂತೂ ಬೇಡವೇ ಬೇಡ. ಅಧಿಕಾರಿಯ ಸಹಿಯನ್ನು ನಾವೇ ಹಾಕಿದಂತೆ ಅದು.

ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಈ ಪಟ್ಟಿಯೆಲ್ಲ ಬಿಡಿ. ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಹೋಗಿ, ಅಲ್ಲಿಂದ 911ಕ್ಕೆ ಫೋನ್ ಮಾಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿದರೂ ಹಾಗೆಯೇ. ಆ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಯೆಂದು ಅಡುಗೆಯ ಗ್ಯಾಸ್ ಒಲೆ ಹಚ್ಚಿ ಕೋಣೆ ಬಿಸಿ ಮಾಡುವುದು ಸಲ್ಲದು.

ನಮ್ಮೂರಿನಲ್ಲಿ ಫರ್ನೇಸ್ ಇಲ್ಲ, ನಿಜ. ಆದರೆ ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉಂಟು, ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಉಂಟು. ಅಲ್ಲಿ ಕಾವಲುಗಾರನಿಲ್ಲ. ಮಕ್ಕಳೇ, ಇವತ್ತೇ ಅಪ್ಪನನ್ನೋ ಅಜ್ಜನನ್ನೋ ಕೇಳಿ: ನಮ್ಮ ಗೀಸರಿನ ಹೊಗೆ ಎಲ್ಲಿಗೆ ಹೋಗುತ್ತದೆ?