ಹದಿನಾಲ್ಕು ಗೋಲಿನ ಹುಡುಗ

1986ರ ಜೂನ್ 6ರಂದು ಕ್ಯಾಮ್ ನೀಲಿಗೆ 21 ವರ್ಷ ತುಂಬಿತು. ಅದೇ ದಿನ ಕೆನಡಾದ ವ್ಯಾಂಕೂವರ್ ಕನಕ್ಸ್ ತಂಡ ಆತನನ್ನು ಅಮೆರಿಕದ ಬಾಸ್ಟನ್ ಬ್ರೂಯಿನ್ಸ್ ತಂಡಕ್ಕೆ ಬಿಟ್ಟುಕೊಟ್ಟಿತು. ಬದಲಿಗೆ ಪಡೆದದ್ದು ಬ್ಯಾರಿ ಪೀಡರ್ಸನ್ ಎಂಬ ಹೆಸರಾಂತ ಆಟಗಾರನನ್ನು. ತಕ್ಕಡಿ ಸಮವಾಗಲೆಂದು, ಮುಂದಿನ ವರ್ಷ ಹೊಸ ಹುಡುಗರನ್ನು ಆರಿಸುವಾಗ ತನಗೆ ಬರಬೇಕಿದ್ದ ಮೊದಲ ಸುತ್ತಿನ ಸರದಿಯನ್ನೂ ವ್ಯಾಂಕೂವರ್ ಕೊಸರಾಗಿ ಕೊಟ್ಟಿತು.

ಐಸ್ ಹಾಕಿಯಲ್ಲಿ ನಡೆದ ನಷ್ಟದ ವ್ಯಾಪಾರಗಳನ್ನು ಪಟ್ಟಿ ಮಾಡುವವರು ಇಂದಿಗೂ ಇದನ್ನು ಮರೆಯುವುದಿಲ್ಲ. ಆದರೆ ವ್ಯಾಂಕೂವರ್‌ನ ಆಡಳಿತಗಾರರು ದಡ್ಡರೇನೂ ಆಗಿರಲಿಲ್ಲ. ಅವರ ಮುಂದೆ ಹುಡುಗನ ಮೂರು ವರ್ಷದ ಅಂಕಪಟ್ಟಿ ಇತ್ತು, ಅದನ್ನು ಓದಿಯೇ ತೀರ್ಮಾನಿಸಿದರು. ಅವರು ಓದಿದ ರೀತಿಯಲ್ಲೇ ಎಡವಟ್ಟು ಇದ್ದದ್ದು.

ಚೆಂಡು ಮತ್ತು ಹುಲ್ಲಿನ ಹಾಕಿಯನ್ನಷ್ಟೇ ಕಂಡವರಿಗೆ ಈ ಆಟದ ಬಗ್ಗೆ ನಾಲ್ಕು ಮಾತು ಹೇಳಬೇಕು. ಮಂಜುಗಡ್ಡೆಯ ಅಂಕಣ, ಕಾಲಿಗೆ ಸ್ಕೇಟ್, ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಗೋಲಿಯೂ ಸೇರಿ ಒಂದು ತಂಡದಿಂದ ಆರು ಮಂದಿ ಅಂಕಣದಲ್ಲಿರುತ್ತಾರೆ. ಆಟದ ಒಟ್ಟು ಅವಧಿ 60 ನಿಮಿಷ, ಆದರೆ ಯಾರೂ ಅಷ್ಟು ಹೊತ್ತು ಸತತವಾಗಿ ಆಡಲಾರರು. ಮೂವರು ಮುಂಪಡೆಯವರದು ಒಂದು ಗುಂಪು. ಅಂಥ ನಾಲ್ಕು ಗುಂಪುಗಳು ಮುಕ್ಕಾಲು ನಿಮಿಷಕ್ಕೊಮ್ಮೆ ಬದಲಾಗುತ್ತ ಬರುತ್ತವೆ. ಮೊದಲ ಗುಂಪಿನವನಿಗೆ ಒಂದು ಸಂಜೆಗೆ 20 ನಿಮಿಷ ದೊರೆತರೆ ನಾಲ್ಕನೆಯ ಗುಂಪಿನವನಿಗೆ ಏಳೆಂಟು ನಿಮಿಷ ದೊರೆತರೆ ಹೆಚ್ಚು. ಉಳಿದ ಹೊತ್ತೆಲ್ಲ ಬೆಂಚೇ ಗತಿ.

ಮೈಗೆ ಮೈ ತಾಗಿಸಿ ಎದುರಾಳಿಯನ್ನು ಕೆಡವುವುದು ಈ ಆಟದಲ್ಲಿ ತಪ್ಪಲ್ಲ. ಅದಕ್ಕೇ 'ಪವರ್ ಫಾರ್ವರ್ಡ್' ಎಂಬ ಜಾತಿಯ ಆಟಗಾರ ಹುಟ್ಟಿಕೊಂಡದ್ದು. ಮೂಲೆಯ ಹಲಗೆಗೆ ಸಿಕ್ಕಿಕೊಂಡ ಪಕ್ಕನ್ನು ಇಬ್ಬರನ್ನು ತಳ್ಳಿ ಕಿತ್ತು ತರಬೇಕು, ಗೋಲಿನ ಬಾಯಲ್ಲಿ ಏಟು ತಿನ್ನುತ್ತ ನಿಲ್ಲಬೇಕು, ಅದೇ ಕೈಯಿಂದ ನಾಜೂಕಾಗಿ ಗೋಲನ್ನೂ ಹೊಡೆಯಬೇಕು. ಕುಸ್ತಿಪಟುವಿನ ಭುಜ, ಅಕ್ಕಸಾಲಿಗನ ಬೆರಳು. ಎರಡೂ ಒಬ್ಬನಲ್ಲೇ ಸಿಗುವುದು ಅಪರೂಪ. ಸಿಕ್ಕರೂ ಎರಡೂ ಒಂದೇ ವಯಸ್ಸಿಗೆ ಹಣ್ಣಾಗುವುದು ಇನ್ನೂ ಅಪರೂಪ.

ನೀಲಿ ಪೋರ್ಟ್‌ಲ್ಯಾಂಡ್‌ನ ಕಿರಿಯರ ತಂಡದಲ್ಲಿ 1982-83ರಲ್ಲಿ 72 ಪಂದ್ಯಗಳಿಂದ 120 ಪಾಯಿಂಟ್ ಗಳಿಸಿದ್ದ. ಗೋಲಿಗೊಂದು, ಗೋಲಿಗೆ ನೆರವಾದ ಅಸಿಸ್ಟ್‌ಗೊಂದು ಪಾಯಿಂಟ್. ಆ ವರ್ಷವೇ ವ್ಯಾಂಕೂವರ್ ಒಂಬತ್ತನೆಯ ಆಯ್ಕೆಯಾಗಿ ಆತನನ್ನು ತೆಗೆದುಕೊಂಡಿತು. ವಯಸ್ಸು 18. ಎದುರಿಗೆ ನಿಂತವರು 28, 30ರ ಮೀಸೆ ಬಲಿತ ಗಂಡಸರು. ಕಿರಿಯರಲ್ಲಿ ತೋಳ್ಬಲವೊಂದರಿಂದಲೇ ಗೆಲ್ಲುತ್ತಿದ್ದ ಹುಡುಗ ಇಲ್ಲಿ ಎಲ್ಲರೂ ತನ್ನಷ್ಟೇ ದಪ್ಪಗಿದ್ದಾರೆಂದು ಕಂಡುಕೊಳ್ಳುತ್ತಾನೆ. ಯಾವಾಗ ತಳ್ಳಬೇಕು, ಯಾವ ಕೋನದಿಂದ ನುಗ್ಗಬೇಕು, ಮೊದಲ ಮೂರು ಹೆಜ್ಜೆಯಲ್ಲಿ ವೇಗ ಹೇಗೆ ಹಿಡಿಯಬೇಕು ಎಂಬುದನ್ನೆಲ್ಲ ಹೊಸದಾಗಿ ಕಲಿಯಬೇಕು. ಚುರುಕು ಕಾಲಿನ ಸಣ್ಣಾಳುಗಳು ಬಂದ ವರ್ಷವೇ ಮಿಂಚಬಹುದು. ದೊಡ್ಡ ಮೈಯ ಹುಡುಗರು ತಮ್ಮ ಮೈಯನ್ನು ಪಳಗಿಸಿಕೊಳ್ಳಲು ಕೆಲವು ವರ್ಷ ತೆಗೆದುಕೊಳ್ಳುತ್ತಾರೆ.

ಮೂರು ವರ್ಷದಲ್ಲಿ ನೀಲಿ ಹೊಡೆದ ಗೋಲುಗಳು 16, 21, 14. ಮೇಲೇರಿ ಕೆಳಗಿಳಿದಂತೆ ಕಾಣುತ್ತದೆ. 'ಹುಡುಗ ಇಷ್ಟೇ' ಎಂದುಬಿಡಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾರಿಗೆ ಬೇಕು? ಆದರೆ ಪಕ್ಕದ ಕಾಲಮ್ಮಿನಲ್ಲಿ ಅಸಿಸ್ಟ್‌ಗಳು 15, 18, 20 ಎಂದು ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದ್ದವು. ಅದರ ಕಡೆ ಕಣ್ಣು ಹಾಯಿಸಿದವರು ಕಡಿಮೆ. ಇನ್ನು, ಅಂಕಪಟ್ಟಿಯಲ್ಲಿ ಅಚ್ಚಾಗದ ಸಂಗತಿಗಳೂ ಇದ್ದವು. ಆತ ಆಡುತ್ತಿದ್ದ ಬಲಬದಿಯ ಜಾಗದಲ್ಲಿ ಮೊದಲೇ ತಂಡದ ನಾಯಕ ಸ್ಟ್ಯಾನ್ ಸ್ಮಿಲ್ ಇದ್ದರು. ಮತ್ತೊಬ್ಬ ಟೋನಿ ಟಾಂಟಿ, ಅದೇ ಮೂರು ವರ್ಷಗಳಲ್ಲಿ 45, 39, 39 ಗೋಲು ಹೊಡೆದವರು. ಅವರಿಬ್ಬರನ್ನು ದಾಟಿ ಇಪ್ಪತ್ತರ ಹುಡುಗನಿಗೆ ಹೆಚ್ಚು ಹೊತ್ತು ಅಂಕಣ ಸಿಗುವುದಾದರೂ ಹೇಗೆ? ಸಾಲದ್ದಕ್ಕೆ ಮೂರು ವರ್ಷದಲ್ಲಿ ಬೆಂಚಿನ ಹಿಂದೆ ನಾಲ್ವರು ಕೋಚ್‌ಗಳು ಬಂದು ನಿಂತರು: ರೋಜರ್ ನೀಲ್ಸನ್, ಹ್ಯಾರಿ ನೀಲ್, ಬಿಲ್ ಲಾಫೋರ್ಜ್, ಟಾಮ್ ವಾಟ್. ವರ್ಷದ ನಡುವೆ ಮೇಷ್ಟ್ರು ಬದಲಾದರೆ ಮಕ್ಕಳ ಲೆಕ್ಕ ಏನಾಗುತ್ತದೆಂದು ತಂದೆತಾಯಿಗಳಿಗೆ ಬಿಡಿಸಿ ಹೇಳಬೇಕಿಲ್ಲ.

ಪೀಡರ್ಸನ್ ಕಡೆಗೂ ವ್ಯಾಂಕೂವರ್ ಹಳೆಯ ಅಂಕಗಳನ್ನೇ ನೋಡಿತು. 1983-84ರಲ್ಲಿ ಆತ 116 ಪಾಯಿಂಟ್ ಗಳಿಸಿದ್ದ. ಆಮೇಲೆ ಭುಜದಲ್ಲಿ ಗೆಡ್ಡೆ ಬೆಳೆದು ಶಸ್ತ್ರಚಿಕಿತ್ಸೆಯಾಗಿತ್ತು. ಹಳೆಯ ಆಟ ಪೂರ್ತಿ ಮರಳಿ ಬರಲಿಲ್ಲ. ಒಬ್ಬನ ವಿಷಯದಲ್ಲಿ ಎರಡು ವರ್ಷ ಹಿಂದಿನ ಅಂಕಕ್ಕೆ ಬೆಲೆ ಕಟ್ಟಿದವರು, ಇನ್ನೊಬ್ಬನ ವಿಷಯದಲ್ಲಿ ಕಳೆದ ವರ್ಷದ ಅಂಕಕ್ಕೆ ಮಾತ್ರ ಬೆಲೆ ಕಟ್ಟಿದರು.

ಬಾಸ್ಟನ್‌ನಲ್ಲಿ ಮೊದಲ ವರ್ಷವೇ ನೀಲಿ 36 ಗೋಲು ಹೊಡೆದ. ಮುಂದೆ 42, 37, 55, 51. ಹುಡುಗ ಒಂದು ಬೇಸಿಗೆಯಲ್ಲಿ ಬದಲಾಗಿಬಿಟ್ಟನೆ? ಬದಲಾದದ್ದು ಆತನಿಗೆ ಸಿಕ್ಕ ನಿಮಿಷಗಳು ಮತ್ತು ಜಾಗ. ಹಳೆಯ ಬಾಸ್ಟನ್ ಗಾರ್ಡನ್ ಅಂಕಣವೇ ಚಿಕ್ಕದು. ಸಾಮಾನ್ಯವಾಗಿ 200 ಅಡಿ ಉದ್ದ, 85 ಅಡಿ ಅಗಲ. ಅಲ್ಲಿ 191 ಅಡಿ ಉದ್ದ, 83 ಅಡಿ ಅಗಲ. ಓಡಿ ತಪ್ಪಿಸಿಕೊಳ್ಳಲು ಎದುರಾಳಿಗೆ ಎಡೆ ಕಡಿಮೆ, ನುಗ್ಗಿ ಗುದ್ದುವವನಿಗೆ ಅನುಕೂಲ ಹೆಚ್ಚು. ಒಟ್ಟು ಲೆಕ್ಕ ನೋಡಿ: ವ್ಯಾಂಕೂವರ್‌ನಲ್ಲಿ 201 ಪಂದ್ಯಗಳಿಂದ 51 ಗೋಲು, ಬಾಸ್ಟನ್‌ನಲ್ಲಿ 525 ಪಂದ್ಯಗಳಿಂದ 344. ನಾಲ್ಕು ಪಂದ್ಯಕ್ಕೊಂದು ಗೋಲಿನ ಹುಡುಗ ಮೂರು ಪಂದ್ಯಕ್ಕೆ ಎರಡು ಗೋಲಿನ ಆಟಗಾರನಾದ. ಕೊಸರಾಗಿ ಕೊಟ್ಟ ಸರದಿಯಲ್ಲಿ ಬಾಸ್ಟನ್‌ಗೆ ದಕ್ಕಿದ ಗ್ಲೆನ್ ವೆಸ್ಲಿ 20 ವರ್ಷ ಆಡಿದರು. ಕೊಸರೇ ಇಷ್ಟಾದರೆ ಸರಕಿನ ಬೆಲೆ ಎಷ್ಟು!

1991ರಲ್ಲಿ ಪಿಟ್ಸ್‌ಬರ್ಗ್‌ನ ಉಲ್ಫ್ ಸ್ಯಾಮುಯೆಲ್ಸನ್ ಜತೆ ಡಿಕ್ಕಿಯಾಗಿ ತೊಡೆಯ ಸ್ನಾಯು ಮೂಳೆಯಂತೆ ಗಟ್ಟಿಯಾಗತೊಡಗಿತು. ನಂತರದ ಎರಡು ಋತುಗಳಲ್ಲಿ ನೀಲಿ ಆಡಿದ್ದು 22 ಪಂದ್ಯ. ಅಷ್ಟಾಗಿಯೂ 1993-94ರಲ್ಲಿ ತನ್ನ 44ನೆಯ ಪಂದ್ಯಕ್ಕೇ 50 ಗೋಲು ಮುಟ್ಟಿದ. 31ನೆಯ ವಯಸ್ಸಿಗೆ ನಿವೃತ್ತಿ, 2005ರಲ್ಲಿ ಹಾಕಿಯ ಹಾಲ್ ಆಫ್ ಫೇಮ್‌ಗೆ ಸೇರ್ಪಡೆ.

ಹಾಗೆಂದು 'ಕಾದರೆ ಎಲ್ಲರೂ ನೀಲಿಯಾಗುತ್ತಾರೆ' ಎನ್ನುವುದೂ ಬರೀ ಸಮಾಧಾನದ ಮಾತು. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬ ಗಾದೆಯನ್ನು ನಂಬಿದವರು ಎರಡೂ ಕಡೆ ಮೋಸ ಹೋಗಿದ್ದಾರೆ. 2003ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡ 12ನೆಯ ಆಯ್ಕೆಯಾಗಿ ಹ್ಯೂ ಜೆಸ್ಸಿಮನ್ ಎಂಬ ಕಾಲೇಜು ಹುಡುಗನನ್ನು ಆರಿಸಿತು. ಎತ್ತರ 6 ಅಡಿ 6 ಅಂಗುಲ, ಪವರ್ ಫಾರ್ವರ್ಡ್ ಎಂದರೆ ಹೀಗಿರಬೇಕು ಎನ್ನುವಂಥ ಮೈಕಟ್ಟು. ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಆತ ಆಡಿದ್ದು ಒಟ್ಟು 2 ಪಂದ್ಯ, ಅದೂ 2011ರಲ್ಲಿ, ಬೇರೊಂದು ತಂಡದ ಪರ. ಎತ್ತರವನ್ನು ಅಳತೆಪಟ್ಟಿಯಲ್ಲಿ ಅಳೆಯಬಹುದು; ಇಕ್ಕಟ್ಟಿನಲ್ಲಿ ಪಕ್ಕನ್ನು ಹದವಾಗಿ ಹಿಡಿಯುವ ಕೈಯನ್ನು ಅಳೆಯುವ ಪಟ್ಟಿ ಇನ್ನೂ ಬಂದಿಲ್ಲ.

ಅದೇ ದಿನ ಜೆಸ್ಸಿಮನ್‌ನ ಬೆನ್ನಿಗೇ 13ನೆಯವನಾಗಿ ಲಾಸ್ ಏಂಜಲೀಸ್‌ಗೆ ಹೋದವನು ಡಸ್ಟಿನ್ ಬ್ರೌನ್. ಮೊದಲ ವರ್ಷ 31 ಪಂದ್ಯಗಳಲ್ಲಿ ಆತ ಹೊಡೆದದ್ದು ಒಂದೇ ಒಂದು ಗೋಲು! ಮರುವರ್ಷ ಮಾಲೀಕರಿಗೂ ಆಟಗಾರರಿಗೂ ಜಗಳವಾಗಿ ದೊಡ್ಡ ಲೀಗ್ ನಡೆಯಲೇ ಇಲ್ಲ. ಬ್ರೌನ್ ಒಂದು ಮೆಟ್ಟಿಲು ಕೆಳಗಿನ ಲೀಗ್‌ಗೆ ಇಳಿದು ಮ್ಯಾಂಚೆಸ್ಟರ್ ತಂಡಕ್ಕೆ ಇಡೀ ಋತು ಆಡಿದ. ಅಲ್ಲಿ ಬೆಂಚಿಲ್ಲ, ಬೇಕಾದಷ್ಟು ನಿಮಿಷ, 29 ಗೋಲು. ದೊಡ್ಡ ಶಾಲೆಯ ಹಿಂದಿನ ಬೆಂಚಿಗಿಂತ ಸಣ್ಣ ಶಾಲೆಯ ಮುಂದಿನ ಬೆಂಚು ಕೆಲವರಿಗೆ ಒಳ್ಳೆಯದಾಗುತ್ತದೆ. ಬ್ರೌನ್‌ಗೆ ಆ ಅವಕಾಶವನ್ನು ಜಗಳವೊಂದು ಒದಗಿಸಿತು ಎಂಬುದಷ್ಟೇ ತಮಾಷೆ. 2012 ಮತ್ತು 2014ರಲ್ಲಿ ಲಾಸ್ ಏಂಜಲೀಸ್ ಸ್ಟ್ಯಾನ್ಲಿ ಕಪ್ ಗೆದ್ದಾಗ ನಾಯಕನಾಗಿ ಅದನ್ನು ಮೊದಲು ಎತ್ತಿದವನು ಬ್ರೌನ್.

ಬಲ್ಲ ತರಬೇತುದಾರರು ಇಂಥ ಹುಡುಗನಲ್ಲಿ ಗೋಲನ್ನು ಕೊನೆಗೆ ಎಣಿಸುತ್ತಾರೆ. ಆಡಿದ ನಿಮಿಷಗಳೆಷ್ಟು, ಆ ನಿಮಿಷಗಳಲ್ಲಿ ಗೋಲಿನ ಹತ್ತಿರ ಹೋಗುತ್ತಾನೋ ದೂರದಿಂದಲೇ ಹೊಡೆದು ಕೈ ತೊಳೆದುಕೊಳ್ಳುತ್ತಾನೋ ಎಂದು ಮೊದಲು ನೋಡುತ್ತಾರೆ. ಜತೆಗಾರರು ಯಾರು ಎಂಬುದೂ ಮುಖ್ಯ. ಪಕ್ ತಂದುಕೊಡುವವನೇ ಇಲ್ಲದಿದ್ದರೆ ಹೊಡೆಯುವವನು ಏನು ಮಾಡಿಯಾನು? ಡಿಸೆಂಬರ್‌ನಲ್ಲಿ ಮಾಡಿದ ತಪ್ಪು ಮಾರ್ಚ್‌ನಲ್ಲೂ ಉಳಿದಿದೆಯೇ ಎಂದು ನೋಡುವವರು ಇನ್ನೂ ಜಾಣರು. ಇದಕ್ಕೆಲ್ಲ ಸಂಜೆಗಟ್ಟಲೆ ಕುಳಿತು ನೋಡಬೇಕು. ಮರುದಿನದ ಪತ್ರಿಕೆಯ ಅಂಕಿಪಟ್ಟಿ ಸಾಲದು.

ನೀಲಿ ಒಂಬತ್ತನೆಯವನಾಗಿದ್ದ 1983ರ ಆಯ್ಕೆಯಲ್ಲಿ ಮೊದಲನೆಯವನಾಗಿದ್ದವನು ಬ್ರಯನ್ ಲಾಟನ್, ಪ್ರೌಢಶಾಲೆಯಿಂದ ನೇರವಾಗಿ ಬಂದ ಅಮೆರಿಕದ ಹುಡುಗ. 483 ಪಂದ್ಯಗಳಲ್ಲಿ 112 ಗೋಲು ಹೊಡೆದ. ಸಾಮಾನ್ಯನಿಗೆ ಅದು ಮರ್ಯಾದೆಯ ಲೆಕ್ಕ. ಮೊದಲ ರ್‍ಯಾಂಕಿನವನಿಗೆ ಮಾತ್ರ ಜನ ಅದನ್ನು ಸೋಲೆಂದು ಕರೆದರು. 2008ರಲ್ಲಿ ಇದೇ ಲಾಟನ್ ಟ್ಯಾಂಪಾ ಬೇ ತಂಡದ ವ್ಯವಹಾರ ನೋಡಿಕೊಳ್ಳುತ್ತಿದ್ದರು. ಆ ವರ್ಷದ ಮೊದಲ ಆಯ್ಕೆಯಾಗಿ ತಂಡಕ್ಕೆ ಬಂದಿದ್ದವನು 18ರ ಸ್ಟೀವನ್ ಸ್ಟ್ಯಾಮ್ಕೋಸ್. ಕೋಚ್ ಬ್ಯಾರಿ ಮೆಲ್ರೋಸ್ ಹುಡುಗ ಇನ್ನೂ ಸಿದ್ಧನಾಗಿಲ್ಲವೆಂದು ಆತನಿಗೆ ಕಡಿಮೆ ನಿಮಿಷ ಕೊಡುತ್ತಿದ್ದರು. ತಂಡವೂ ಸೋಲುತ್ತಿತ್ತು. 16 ಪಂದ್ಯಗಳಾದ ಮೇಲೆ ಮೆಲ್ರೋಸ್ ಹೊರನಡೆಯಬೇಕಾಯಿತು. ಸ್ಟ್ಯಾಮ್ಕೋಸ್ ಆ ವರ್ಷ 23 ಗೋಲು ಹೊಡೆದ. ಮರುವರ್ಷ 51.