ಧರಣಿ ತಡೆಯಬಲ್ಲದು, ಕಾನೂನು ಬರೆಯಬಲ್ಲದೇ?

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಸ್ವಾಧೀನವನ್ನು ಕೈಬಿಡುವುದಾಗಿ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದಾಗ, ಅಲ್ಲಿನ ರೈತರ ಧರಣಿ 1,198 ದಿನಗಳನ್ನು ಪೂರೈಸಿತ್ತು. ಶಾಂತಿಯುತ ಹೋರಾಟದಿಂದ ಏನೂ ಬದಲಾಗದು ಎನ್ನುವವರಿಗೆ ಇದು ತಕ್ಕ ಉತ್ತರವೆಂಬ ಮಾತು ಆಗ ಕೇಳಿಬಂತು. ಆ ಮಾತು ನಿಜ. ಆದರೆ ಗೆದ್ದದ್ದೇನು, ಗೆಲ್ಲದೆ ಉಳಿದದ್ದೇನು ಎಂಬುದನ್ನು ಬೇರ್ಪಡಿಸಿ ನೋಡದೆ ಈ ಗೆಲುವಿನ ನಿಜವಾದ ಬೆಲೆ ತಿಳಿಯದು.

ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ವೈಮಾಂತರಿಕ್ಷ ಮತ್ತು ರಕ್ಷಣಾ ಕೈಗಾರಿಕೆಗಳ ಪಾರ್ಕ್‌ಗಾಗಿ 13 ಗ್ರಾಮಗಳ ಜಮೀನಿನ ಮೇಲೆ ಕಣ್ಣಿಟ್ಟಿತ್ತು. ಇದನ್ನು ವಿರೋಧಿಸಿ ರೈತರು 2022ರ ಏಪ್ರಿಲ್ 4ರಂದು ಧರಣಿ ಆರಂಭಿಸಿದಾಗ ರಾಜ್ಯದಲ್ಲಿದ್ದುದು ಬಿಜೆಪಿ ಸರ್ಕಾರ. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ರೈತರ ಪರ ದನಿಗೂಡಿಸಿದ್ದರು. 2023ರಲ್ಲಿ ಸರ್ಕಾರ ಬದಲಾಯಿತು, ಯೋಜನೆ ಬದಲಾಗಲಿಲ್ಲ. 2025ರ ಜೂನ್‌ನಲ್ಲಿ ಮೂರು ಗ್ರಾಮಗಳ 495 ಎಕರೆಯನ್ನಷ್ಟೇ ಬಿಟ್ಟು ಉಳಿದುದನ್ನು ಪಡೆಯಲು ಸರ್ಕಾರ ಮುಂದಾಯಿತು. ಜೂನ್ 25ರ ‘ದೇವನಹಳ್ಳಿ ಚಲೋ’ದಲ್ಲಿ ಪ್ರತಿಭಟನಕಾರರನ್ನು ಪೊಲೀಸರು ವಶಕ್ಕೆ ಪಡೆದರು. ಆದರೂ ಹೋರಾಟ ಒಡೆಯಲಿಲ್ಲ. ಮೂರು ಊರು ಉಳಿದರೆ ಸಾಲದು, ಹದಿಮೂರೂ ಉಳಿಯಬೇಕೆಂಬ ಪಟ್ಟು ಸಡಿಲವಾಗಲಿಲ್ಲ. ಜುಲೈ 4ರ ಸಭೆಯಲ್ಲಿ ಹತ್ತು ದಿನಗಳ ಕಾಲಾವಕಾಶ ಕೇಳಿದ ಮುಖ್ಯಮಂತ್ರಿ ಕೊನೆಗೆ ಮಣಿದರು.

ಇಲ್ಲಿ ಆಳುವವರ ಮನ ಕರಗಿತೆನ್ನುವುದಕ್ಕಿಂತ ಅವರ ಲೆಕ್ಕಾಚಾರ ಬದಲಾಯಿತೆನ್ನುವುದೇ ಸರಿ. ತಾವೇ ಆಡಿದ್ದ ಮಾತನ್ನು ನುಂಗಿಕೊಳ್ಳುವುದು ಆಡಳಿತ ಪಕ್ಷಕ್ಕೆ ದುಬಾರಿಯಾಗಿತ್ತು. ದೆಹಲಿಯ ಗಡಿಗಳಲ್ಲಿ ನಡೆದದ್ದೂ ಇದಕ್ಕಿಂತ ಬಹಳ ಭಿನ್ನವಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಮೂರು ಕೃಷಿ ಕಾಯ್ದೆಗಳನ್ನು ಹಿಂಪಡೆಯುವುದಾಗಿ ಪ್ರಧಾನಿ ಘೋಷಿಸಿದ್ದು 2021ರ ನವೆಂಬರ್ 19ರಂದು. ಪಂಜಾಬ್ ಮತ್ತು ಉತ್ತರ ಪ್ರದೇಶದ ಚುನಾವಣೆಗಳಿಗೆ ಆಗ ಕೆಲವೇ ತಿಂಗಳುಗಳು ಉಳಿದಿದ್ದವು. ಅದೇ ವರ್ಷ ಜನವರಿ 26ರಂದು ಕೆಂಪುಕೋಟೆಯಲ್ಲಿ ನಡೆದ ಗಲಭೆ, ತಿಂಗಳುಗಟ್ಟಲೆ ಗಳಿಸಿದ್ದ ಸಹಾನುಭೂತಿಯನ್ನು ಒಂದೇ ದಿನದಲ್ಲಿ ಕರಗಿಸುವಂತಿತ್ತು. ಶಾಂತಿ ಹೋರಾಟಗಾರನ ಸದ್ಗುಣ ಮಾತ್ರವಲ್ಲ, ಅವನ ರಕ್ಷಾಕವಚವೂ ಹೌದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಆದರೆ ಶಾಂತಿಯೊಂದೇ ಸಾಲದು. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ ರದ್ದತಿಗಾಗಿ ಮಣಿಪುರದ ಇರೋಮ್ ಶರ್ಮಿಳಾ 2000ದಿಂದ 2016ರವರೆಗೆ ಉಪವಾಸ ಮಾಡಿದರು. ಬಂಧನದಲ್ಲಿಟ್ಟು ಮೂಗಿನ ನಳಿಕೆಯ ಮೂಲಕ ಬಲವಂತವಾಗಿ ಆಹಾರ ನೀಡಿ ಅವರನ್ನು ಬದುಕಿಸಲಾಯಿತು. ಕಾಯ್ದೆ ರದ್ದಾಗಲಿಲ್ಲ. 2017ರ ವಿಧಾನಸಭಾ ಚುನಾವಣೆಯಲ್ಲಿ ಸ್ಪರ್ಧಿಸಿದ ಅವರಿಗೆ ಸಿಕ್ಕಿದ್ದು 90 ಮತಗಳು. ಎಷ್ಟೇ ದೊಡ್ಡ ತ್ಯಾಗವಾದರೂ ಅದರ ಬೆನ್ನಿಗೆ ಸಂಘಟಿತ ಜನ ಹಾಗೂ ಮತದ ಭಯ ಇಲ್ಲದಿದ್ದರೆ ಪ್ರಭುತ್ವ ಅದನ್ನು ಕೈಮುಗಿದು ಬದಿಗಿಡುತ್ತದೆ.

ಗೆದ್ದ ಹೋರಾಟಗಳಿಗೂ ಒಂದು ಮಿತಿಯಿದೆ. ಕೃಷಿ ಕಾಯ್ದೆಗಳು ಹೋದವು. ಆದರೆ ಕನಿಷ್ಠ ಬೆಂಬಲ ಬೆಲೆಗೆ ಕಾನೂನಿನ ಖಾತರಿ ಬರಲಿಲ್ಲ. 2024ರ ಫೆಬ್ರವರಿಯಲ್ಲಿ ಪಂಜಾಬಿನ ರೈತರು ಅದೇ ಬೇಡಿಕೆ ಹೊತ್ತು ಮತ್ತೆ ದೆಹಲಿಯತ್ತ ಹೊರಡಬೇಕಾಯಿತು. ದೇವನಹಳ್ಳಿಯ ಕಥೆಯೂ ಅಷ್ಟೇ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಖಾಸಗಿ ಕಂಪನಿಗಳಿಗಾಗಿ ಜಮೀನು ಪಡೆಯಲು ಶೇ 80ರಷ್ಟು, ಸರ್ಕಾರಿ-ಖಾಸಗಿ ಸಹಭಾಗಿತ್ವದ ಯೋಜನೆಗಳಿಗೆ ಶೇ 70ರಷ್ಟು ಸಂತ್ರಸ್ತ ಕುಟುಂಬಗಳ ಒಪ್ಪಿಗೆ ಬೇಕು. ಮಂಡಳಿಯಾದರೋ 1966ರ ರಾಜ್ಯ ಕಾಯ್ದೆಯಡಿ ಈ ಒಪ್ಪಿಗೆಯ ಗೋಜಿಲ್ಲದೆ ಅಧಿಸೂಚನೆ ಹೊರಡಿಸುತ್ತ ಬಂದಿದೆ. ಜುಲೈ 15ರ ಘೋಷಣೆಯಿಂದ ಆ ಕಾಯ್ದೆಯ ಒಂದಕ್ಷರವೂ ಬದಲಾಗಲಿಲ್ಲ. ಮೇಲಾಗಿ, ಸ್ವಇಚ್ಛೆಯಿಂದ ಜಮೀನು ಕೊಡುವವರಿಂದ ಹೆಚ್ಚಿನ ದರಕ್ಕೆ ಪಡೆಯುವುದಾಗಿ ಸರ್ಕಾರ ಅಂದೇ ಹೇಳಿತು. ಊರೇ ಒಂದಾಗಿ ಹೇಳಿದ ‘ಇಲ್ಲ’, ಇನ್ನು ಮನೆಮನೆಯ ಚೌಕಾಸಿಗೆ ಒಡ್ಡಿಕೊಳ್ಳಬೇಕು.

ಕೈಗಾರಿಕೆ ಬೇಡವೇ ಎಂಬ ಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ. ರಾಜ್ಯ ಹಿಂದೆ ಸರಿದ ಕೂಡಲೇ ಆಂಧ್ರಪ್ರದೇಶದ ಸಚಿವ ನಾರಾ ಲೋಕೇಶ್ ವೈಮಾಂತರಿಕ್ಷ ಉದ್ದಿಮೆಗಳಿಗೆ ಬಹಿರಂಗ ಆಹ್ವಾನ ನೀಡಿದರು. ಉದ್ಯೋಗಾಕಾಂಕ್ಷಿ ಯುವಜನರ ಆತಂಕವೂ ನ್ಯಾಯವಾದದ್ದೇ. ಆದರೆ ಒಪ್ಪಿಗೆಯನ್ನು ಮೊದಲೇ ಕೇಳಿದ್ದರೆ ಉದ್ದಿಮೆಗೂ ಮೂರು ವರ್ಷಗಳ ಅನಿಶ್ಚಿತತೆ ತಪ್ಪುತ್ತಿತ್ತು. ಕೇಳದೆ ಜಮೀನು ಪಡೆಯಹೊರಟದ್ದರಿಂದ ಇಬ್ಬರೂ ನಷ್ಟ ಅನುಭವಿಸಿದರು.

ಶಾಂತಿಯುತ ಪ್ರತಿಭಟನೆ ಸರ್ಕಾರದ ಕೈ ಹಿಡಿದು ನಿಲ್ಲಿಸಬಲ್ಲದು. ಅದೇ ಕೈಯಿಂದ ಹೊಸ ಕಾನೂನು ಬರೆಸುವುದು ಇನ್ನೂ ಕಠಿಣವಾದ, ಆದರೆ ಅನಿವಾರ್ಯವಾದ ಎರಡನೆಯ ಹೋರಾಟ. 1966ರ ಕಾಯ್ದೆಯಲ್ಲಿ ರೈತರ ಒಪ್ಪಿಗೆಯನ್ನು ಕಡ್ಡಾಯಗೊಳಿಸುವ ಅಧಿಕಾರ ವಿಧಾನಮಂಡಲಕ್ಕಿದೆ. ಅದು ಆಗದ ಹೊರತು ಮುಂದಿನ ಅಧಿಸೂಚನೆ ಯಾವ ಹೋಬಳಿಗೆ ಬಂದರೂ ಅಲ್ಲಿನ ರೈತರು ಮೊದಲ ದಿನದಿಂದಲೇ ಎಣಿಕೆ ಆರಂಭಿಸಬೇಕಾಗುತ್ತದೆ. ಎಲ್ಲ ಊರುಗಳಿಗೂ 1,198 ದಿನ ಕೂರುವ ಕಸುವು ಇರುವುದಿಲ್ಲ.