ಊಜಿ ನೊಣಕ್ಕೆ ಕಣಜದ ಹುಳು

ಕಳೆದ ಬೆಳೆಯಲ್ಲಿ ನಮ್ಮ ಶಾಲೆಯ ಬಾಲಕನೊಬ್ಬನು ಮೂರು ದಿನ ಶಾಲೆಗೆ ಬರಲಿಲ್ಲ. ಕಾರಣ ಕೇಳಿದೆವು. "ಹುಳುವೆಲ್ಲ ಊಜಿಗೆ ಹೋಯಿತು ಸಾರ್" ಎಂದು ತಲೆತಗ್ಗಿಸಿದನು. ಈ ಮಾತಿನ ಭಾರವನ್ನು ಪರಿಗಿ ಸುತ್ತಿನ ರೇಷ್ಮೆ ಬೆಳೆಗಾರರು ಬಲ್ಲರು.

1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣವು ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿಯು ಒಳಹೊಕ್ಕು ತಿನ್ನುತ್ತದೆ; ಹೊರಗೆ ಕಪ್ಪು ಚುಕ್ಕೆಯೊಂದೇ ಗುರುತು. ವಿಷ ಸಿಂಪಡಿಸೋಣವೆಂದರೆ ರೇಷ್ಮೆಹುಳುವೂ ಕೀಟವೇ. ಅದೇ ಮೊದಲು ಸತ್ತೀತು.

ಹವಾಯಿ ದ್ವೀಪಗಳಲ್ಲಿ 1940ರ ದಶಕದ ಕೊನೆಯಿಂದ ಹಣ್ಣುನೊಣವನ್ನು ಪರೋಪಜೀವಿ ಕಣಜಗಳಿಂದ ತಗ್ಗಿಸಿದರು. ಅಂತಹುದೇ ಉಪಾಯ ನಮ್ಮಲ್ಲಿಯೂ ಉಂಟು. ನೆಸೊಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜವು ಊಜಿಯ ಕೋಶವನ್ನು ಹುಡುಕಿ ಅದರೊಳಗೆ ಮೊಟ್ಟೆಯಿಡುತ್ತದೆ. ಆ ಕೋಶದಿಂದ ನೊಣದ ಬದಲು ಕಣಜದ ಸಂತತಿಯೇ ಹೊರಬರುತ್ತದೆ. ರೇಷ್ಮೆಹುಳುವಿಗೆ ಅಪಾಯವಿಲ್ಲ. 100 ಮೊಟ್ಟೆಯ ಸಾಕಣೆಗೆ ಸುಮಾರು 1 ಲಕ್ಷ ಕಣಜಗಳನ್ನು ಕಂತುಕಂತಾಗಿ ಸಂಜೆಯ ವೇಳೆ ಬಿಡಬೇಕು. ಕಿಟಕಿ ಬಾಗಿಲುಗಳಿಗೆ ನೈಲಾನ್ ಬಲೆಯೂ ಬೇಕು.

ಆದರೆ ಒಬ್ಬರೇ ಬಿಟ್ಟರೆ ಸಾಲದು. ಗೂಡು ಬಿಡಿಸಿದ ಮೇಲೂ ನೆಲದ ಬಿರುಕಿನಲ್ಲಿ, ತಿಪ್ಪೆಯಲ್ಲಿ ಊಜಿಕೋಶ ಉಳಿದಿರುತ್ತದೆ. ರೆಕ್ಕೆಯುಳ್ಳ ನೊಣಕ್ಕೆ ನೆರೆಮನೆ ದೂರವೇ? ಆದುದರಿಂದ ಊರೆಲ್ಲ ಕೂಡಿ ಬಿಡಬೇಕೆಂಬುದು ನಮ್ಮ ಬಿನ್ನಹ. ಆ ಬಾಲಕನ ತಂದೆಗೂ, ಅವರ ನೆರೆಯವರಿಗೂ ಇದನ್ನೇ ಹೇಳಿಕಳುಹಿಸಿದ್ದೇವೆ.